ಟಿ.ವಿ. ಕೊಳ್ಳುವ ಮುನ್ನ: ಎಚ್‌ಡಿಎಂಐ ಮತ್ತು ನಕಲು ತಡೆ

ಕೇಬಲ್ ಪ್ರಸಾರದ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಸೊಲ್ಲಾಪುರ ನಗರವೂ ಸೇರಿತ್ತು. ಅದರ ಗಡುವು 2013ರ ಮಾರ್ಚ್ 31. ಅಕ್ಕಲಕೋಟೆಯಂತಹ ಊರುಗಳು ಅನಂತರದ ಹಂತಗಳಲ್ಲಿ ಬಂದವು. ಹೀಗೆ ನಮ್ಮ ಭಾಗದ ಕೇಬಲ್ ಮನೆಗಳಲ್ಲಿ ಕನ್ನಡ ವಾಹಿನಿಗಳಿಗೆ ಸೆಟ್‌ಟಾಪ್ ಬಾಕ್ಸೇ ಹೆಬ್ಬಾಗಿಲಾಯಿತು. ಆ ಬಾಕ್ಸಿನಿಂದ ಟಿ.ವಿ.ಗೆ ಚಿತ್ರ ಮತ್ತು ಧ್ವನಿಗಳೆರಡನ್ನೂ ಒಂದೇ ತಂತಿಯಲ್ಲಿ ಒಯ್ಯುವ ವ್ಯವಸ್ಥೆಯೇ 2002ರಲ್ಲಿ ರೂಪುಗೊಂಡ ಎಚ್‌ಡಿಎಂಐ.

ಗ್ರಂಥಸಂಪಾದನೆಯನ್ನು ಓದಿದವರಿಗೆ ಇದರ ಹಿಂದಿನ ಸಮಸ್ಯೆ ಸುಲಭವಾಗಿ ಹೊಳೆಯುತ್ತದೆ. ಓಲೆಗರಿಯನ್ನು ಪ್ರತಿ ಮಾಡಿದಂತೆಲ್ಲ ಸ್ಖಾಲಿತ್ಯಗಳು ಹೆಚ್ಚುತ್ತವೆ. ಹಳೆಯ ವಿಡಿಯೊ ಕ್ಯಾಸೆಟ್ಟಿನ ನಕಲೂ ಹಾಗೆಯೇ ಮಸುಕಾಗುತ್ತಿತ್ತು. ಡಿಜಿಟಲ್ ನಕಲಿನಲ್ಲಾದರೋ ಪಾಠಾಂತರವೇ ಇಲ್ಲ. ನೂರನೆಯ ಪ್ರತಿಯೂ ಮೂಲದಷ್ಟೇ ಶುದ್ಧ. ಚಿತ್ರೋದ್ಯಮದ ಆತಂಕಕ್ಕೆ ಇದೇ ಕಾರಣ. ಅದಕ್ಕೆ ಉತ್ತರವಾಗಿ ಇಂಟೆಲ್ ಸಂಸ್ಥೆ ರೂಪಿಸಿದ ನಕಲು ತಡೆಯೇ ಎಚ್‌ಡಿಸಿಪಿ.

ಚಿತ್ರವನ್ನು ಕಳುಹಿಸುವ ಮೊದಲು ಬಾಕ್ಸು ಟಿ.ವಿ.ಯ ಗುಪ್ತ ಕೀಲಿಗಳನ್ನು ಪರೀಕ್ಷಿಸುತ್ತದೆ. ಉತ್ತರ ಸರಿಯಾದರೆ ಚಿತ್ರವು ಗೂಢಲಿಪಿಯಾಗಿ ಹರಿದು, ಟಿ.ವಿ.ಯಲ್ಲಿ ಬಿಡಿಸಲ್ಪಡುತ್ತದೆ. ಉತ್ತರ ಬಾರದಿದ್ದರೆ ಪರದೆ ಕಪ್ಪಾಗಬಹುದು, ಇಲ್ಲವೆ ಚಿತ್ರದ ಸ್ಪಷ್ಟತೆ ಇಳಿಯಬಹುದು. ನಡುವೆ ಧ್ವನಿವರ್ಧಕ ಸಾಧನವೊಂದಿದ್ದರೆ ಅದೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಂತಹ ವೇಳೆ ದುಬಾರಿ ತಂತಿ ಕೊಂಡು ಫಲವಿಲ್ಲ. ಕೀಲಿಗಳಿರುವುದು ತಂತಿಯಲ್ಲಲ್ಲ, ಸಾಧನಗಳಲ್ಲಿ.

ಆದುದರಿಂದ ಕೊಳ್ಳುವಾಗ ಮೂರು ಸಂಗತಿಗಳನ್ನು ಕೇಳಬೇಕು. ಎಚ್‌ಡಿಎಂಐ ಪೋರ್ಟುಗಳು ಎಷ್ಟು? 4ಕೆ ಟಿ.ವಿ.ಯಾದರೆ, ಎಚ್‌ಡಿಸಿಪಿ 2.2 ಎಲ್ಲ ಪೋರ್ಟುಗಳಲ್ಲಿದೆಯೇ, ಒಂದರಲ್ಲಿ ಮಾತ್ರವೇ? ಆ ಪೋರ್ಟು 4ಕೆ ಚಿತ್ರವನ್ನು ಸೆಕೆಂಡಿಗೆ 60 ಚೌಕಟ್ಟುಗಳಂತೆ ಸ್ವೀಕರಿಸುವುದೇ? ಎಚ್‌ಡಿಎಂಐ 1.4ರ ಮಿತಿ 30 ಚೌಕಟ್ಟುಗಳು, 2.0 ಬಂದ ಮೇಲೆ 60 ಸಾಧ್ಯವಾಯಿತು. ಹಳೆಯ ಕಂಪ್ಯೂಟರ್ ಪರದೆಯನ್ನು ಟಿ.ವಿ.ಯಾಗಿಸುವವರು ಇನ್ನೂ ಎಚ್ಚರದಿಂದಿರಬೇಕು: ಡಿವಿಐ ಪೋರ್ಟು ಮಾತ್ರವಿರುವ ಅನೇಕ ಪರದೆಗಳಿಗೆ ನಕಲು ತಡೆಯ ಪರಿಚಯವೇ ಇಲ್ಲ.

ತಡೆಯನ್ನು ಮುರಿಯುವ ಉಪಾಯ ಹೇಳುವವರೂ ಸಿಗುತ್ತಾರೆ. ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಹಾಗೆ ಮಾಡುವುದು, ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಂತೆ, ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಪಡಿಸುವ ಅಪರಾಧ.

ಇಲ್ಲಿನ ಅಂಗಡಿಯ ಮಾತು ಬಹುಮಟ್ಟಿಗೆ ಮರಾಠಿಯದು, ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನದು. ಕಂತಿನಲ್ಲಿ ಹಣ ಕಟ್ಟಲು ಹೊರಟ ಹಿರಿಯರಿಗೆ ಈ ವಿಷಯವನ್ನು ಕನ್ನಡದಲ್ಲಿ ತಿಳಿಸಿಕೊಡುವ ಕೆಲಸ ನಮ್ಮ ವಿದ್ಯಾರ್ಥಿಗಳದು. ಮನೆಯ ಬಾಕ್ಸಿನ ಮಾದರಿಯ ಹೆಸರನ್ನು ಬರೆದುಕೊಂಡು ಹೋಗಿ, ಸಾಧ್ಯವಾದರೆ ಬಾಕ್ಸನ್ನೇ ಒಯ್ದು ಅಂಗಡಿಯಲ್ಲಿಯೇ ಜೋಡಿಸಿ ನೋಡಿ, ಅನಂತರ ಹಣ ಕೊಡಿಸಿರಿ.