ಶಾರ್ಕ್ ಕೆಟ್ಟಿದ್ದರಿಂದಲೇ ‘ಜಾಸ್’ ಗೆದ್ದಿತೇ?

ಸಿನಿಮಾ ಮಾಡಲು ಹೊರಟವರಿಗೆ ಗಾಂಧಿನಗರದಲ್ಲೂ ಫಿಲ್ಮ್ ಕಾರ್ಯಾಗಾರಗಳಲ್ಲೂ ಪುಕ್ಕಟೆಯಾಗಿ ಸಿಗುವ ಒಂದು ಸಮಾಧಾನವಿದೆ: ದುಡ್ಡಿಲ್ಲದಿದ್ದರೆ ಒಳ್ಳೆಯದೇ ಆಯಿತು, ಕೊರತೆಯೇ ತಲೆ ಓಡಿಸುತ್ತದೆ. ಇದಕ್ಕೆ ಸಾಕ್ಷಿಯಾಗಿ ತಪ್ಪದೆ ಬರುವುದು ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಜಾಸ್’. 1974ರಲ್ಲಿ ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಸುತ್ತಲ ಕಡಲಿನಲ್ಲಿ ಚಿತ್ರೀಕರಣ ನಡೆಯುವಾಗ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಸಿಕ್ಕಿ ಪದೇ ಪದೇ ಕೈಕೊಟ್ಟಿತು. ತೋರಿಸಲಾಗದ ಶಾರ್ಕನ್ನು ನಿರ್ದೇಶಕ ತೋರಿಸದೆಯೇ ಹೆದರಿಸಿದ; ಸಿನಿಮಾ ದಾಖಲೆ ಬರೆಯಿತು. ಕಥೆ ಚೆನ್ನಾಗಿದೆ, ಸುಳ್ಳೂ ಅಲ್ಲ. ಅದರಿಂದ ತೆಗೆಯುವ ನೀತಿ ಮಾತ್ರ ಅರ್ಧ ಲೆಕ್ಕ ನೋಡಿ ಬರೆದದ್ದು.

ಉಳಿದರ್ಧ ಲೆಕ್ಕ ಹೀಗಿದೆ. 55 ದಿನಗಳಲ್ಲಿ ಮುಗಿಯಬೇಕಿದ್ದ ಚಿತ್ರೀಕರಣ 159 ದಿನ ನಡೆಯಿತು. ಸುಮಾರು 40 ಲಕ್ಷ ಡಾಲರ್ ಎಂದು ಅಂದಾಜಿಸಿದ್ದ ಖರ್ಚು 90 ಲಕ್ಷದ ಆಸುಪಾಸಿಗೆ ಏರಿತು. ಅಂದರೆ ಆ ಚಿತ್ರದಲ್ಲಿ ಕಡಿಮೆಯಾದದ್ದು ಶಾರ್ಕ್ ಒಂದೇ. ದಿನಗಳೂ ದುಡ್ಡೂ ಇಮ್ಮಡಿ ಮೀರಿದವು. ಶಾರ್ಕ್ ಪೂರ್ತಿಯಾಗಿ ಕಣ್ಣಿಗೆ ಬೀಳುವುದು ಸಿನಿಮಾ ಶುರುವಾಗಿ ಸುಮಾರು 80 ನಿಮಿಷಗಳ ನಂತರ. ಅದು ಕಾಣದಿರುವಾಗಲೆಲ್ಲ ಭಯವನ್ನು ಹೊತ್ತು ನಡೆಸುವುದು ನೀರಿನ ಮೇಲೆ ಓಡುವ ಹಳದಿ ಪೀಪಾಯಿಗಳು, ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳ ಸಂಗೀತ, ವರ್ನಾ ಫೀಲ್ಡ್ಸ್ ಅವರ ಸಂಕಲನ. ಚಿತ್ರಕ್ಕೆ ಬಂದ ಮೂರು ಆಸ್ಕರ್‌ಗಳು ಯಾವುದಕ್ಕೆ ಎಂದು ನೋಡಿದರೆ ವಿಷಯ ಇನ್ನೂ ಸ್ಪಷ್ಟ: ಸಂಕಲನ, ಸಂಗೀತ, ಶಬ್ದ. ಶಾರ್ಕ್ ಬಿಟ್ಟುಹೋದ ಜಾಗವನ್ನು ತುಂಬಿದವರು ಆ ಕಾಲದ ಅತ್ಯುತ್ತಮ ಕಸುಬುದಾರರು, ಅದೂ ಅವಸರವಿಲ್ಲದೆ.

ಶಾರ್ಕ್ ಕೆಟ್ಟದ್ದು ಚಿತ್ರಕ್ಕೆ ಒಳ್ಳೆಯದೇ ಆಯಿತೆಂದು ಸ್ಪಿಲ್‌ಬರ್ಗ್ ಅವರೇ ಹೇಳಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಹೇಳಿದ್ದಾರೆ. ಯಂತ್ರ ಸರಿಯಿದ್ದಿದ್ದರೆ ಅವರು ಅದನ್ನು ಇನ್ನಷ್ಟು ಹೊತ್ತು ತೋರಿಸುತ್ತಿದ್ದರೆಂದು ನಂಬಲು ಕಾರಣವೂ ಇದೆ. ಆದರೆ ಕಾಣದ್ದರಿಂದ ಹೆದರಿಸುವ ವಿದ್ಯೆಯನ್ನು ಅವರು ಆ ಕಡಲಿನಲ್ಲಿ ಹೊಸದಾಗಿ ಕಲಿತದ್ದಲ್ಲ. 1971ರ ‘ಡ್ಯುಯೆಲ್’ ಎಂಬ ಅವರ ಟಿವಿ ಚಿತ್ರದಲ್ಲಿ ಒಂದು ಭಾರೀ ಟ್ರಕ್ ಕಾರಿನ ಬೆನ್ನು ಹತ್ತುತ್ತದೆ. ಟ್ರಕ್ ಓಡಿಸುವವನ ಮುಖ ಕೊನೆಯವರೆಗೂ ಕಾಣುವುದಿಲ್ಲ. ಅಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ, ಮುಖ ಮುಚ್ಚಿಟ್ಟದ್ದು ಬೇಕೆಂದೇ. ಹಾಗಾಗಿ ಅಡ್ಡಿ ಮಾಡಿದ್ದು ಇಷ್ಟು: ಕೈಗೆ ಮೊದಲು ಸಿಗುವ ಸುಲಭದ ಉತ್ತರವನ್ನು ಕಿತ್ತುಕೊಂಡಿತು. ಎರಡನೆಯ ಉತ್ತರವನ್ನು ಅದು ಕೊಡಲಿಲ್ಲ. ಅದನ್ನು ಹುಡುಕಲು ಬೇಕಾದ ಪಳಗಿದ ಕೈ, ಜೊತೆಗಾರರು, ಸಮಯ ಮೂರೂ ಬೇರೆ ಕಡೆಯಿಂದ ಬಂದವು. ಈ ಮೂರರಲ್ಲಿ ಒಂದನ್ನೂ ಕೊಡದೆ ಶಾರ್ಕನ್ನು ಮಾತ್ರ ಕಿತ್ತುಕೊಳ್ಳುವುದು ನಮ್ಮ ಅನೇಕ ನಿರ್ಮಾಪಕರ ರೂಢಿ.

ಭಾರತದಲ್ಲಿ ಇದೇ ನಂಬಿಕೆ ‘ಪಥೇರ್ ಪಾಂಚಾಲಿ’ಗೆ ಅಂಟಿಕೊಂಡಿದೆ. ಬಡತನದಲ್ಲಿ ಹುಟ್ಟಿದ್ದರಿಂದಲೇ ಅದಕ್ಕೆ ಆ ಚೆಲುವು ಬಂತು ಎನ್ನುತ್ತಾರೆ. ಸತ್ಯಜಿತ್ ರಾಯ್ ಜೀವವಿಮೆಯನ್ನು ಒತ್ತೆಯಿಟ್ಟು, ಗ್ರಾಮಫೋನ್ ರೆಕಾರ್ಡುಗಳನ್ನು ಮಾರಿ 1952ರಲ್ಲಿ ಶುರು ಮಾಡಿದ ಚಿತ್ರ ನಿಲ್ಲುತ್ತಾ ನಡೆಯುತ್ತಾ ಬಂದು, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ದುಡ್ಡು ಕೊಟ್ಟ ಮೇಲೆ 1955ರಲ್ಲಿ ತೆರೆ ಕಂಡಿತು. ಈ ನಿಲುಗಡೆಗಳ ನಡುವೆ ಚಿತ್ರ ಉಳಿದದ್ದೇ ಅದೃಷ್ಟವೆಂದು ರಾಯ್ ಅವರೇ ಹೇಳಿಕೊಂಡಿದ್ದಾರೆ: ಅಪು ಆಗಿದ್ದ ಹುಡುಗನ ಧ್ವನಿ ಒಡೆಯಲಿಲ್ಲ, ದುರ್ಗಾ ಆಗಿದ್ದ ಹುಡುಗಿ ಬೆಳೆದುಬಿಡಲಿಲ್ಲ, ಮುದುಕಿ ಇಂದಿರ್ ಠಾಕ್ರುಣ್ ಆಗಿದ್ದ ಚುನಿಬಾಲಾ ದೇವಿ ಅಷ್ಟರಲ್ಲಿ ತೀರಿಕೊಳ್ಳಲಿಲ್ಲ. ಮೂರರಲ್ಲಿ ಒಂದು ತಪ್ಪಿದ್ದರೂ ಇಂದು ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಕೊರತೆಯನ್ನು ಹೊಗಳುವವರ ಪಟ್ಟಿಯಲ್ಲಿ ದಡ ಸೇರಿದ ಚಿತ್ರಗಳಷ್ಟೇ ಇರುತ್ತವೆ. ಅರ್ಧದಲ್ಲಿ ಮುಳುಗಿದವು ಸಾಕ್ಷಿ ಹೇಳಲು ಬರುವುದಿಲ್ಲ. ನಿಜಕ್ಕೂ ಹೊಸದೊಂದನ್ನು ಹುಟ್ಟಿಸಿದ ಅಡ್ಡಿ ಬೇಕೆಂದರೆ ರಾಯ್ ಅವರ ಮುಂದಿನ ಚಿತ್ರ ‘ಅಪರಾಜಿತೊ’ ನೋಡಬೇಕು. ಮಳೆಗಾಲದ ಭಯದಿಂದ ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಬೇಕಾಯಿತು. ಮೇಲಿನಿಂದಷ್ಟೇ ಬೆಳಕು ಇಳಿಯುವ, ನೆರಳು ಬೀಳದ ಅಂಗಳ ಸ್ಟುಡಿಯೋ ದೀಪಗಳಿಗೆ ಒಗ್ಗುವುದಿಲ್ಲ ಎಂದು ಛಾಯಾಗ್ರಾಹಕ ಸುಬ್ರತ ಮಿತ್ರ ಮೊದಲು ವಾದಿಸಿದರು. ಕೊನೆಗೆ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಅದಕ್ಕೆ ತಿರುಗಿಸಿ, ಅಲ್ಲಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಚಿತ್ರಿಸಿದರು. ಇಲ್ಲಿ ಸಮಸ್ಯೆ ಇಂಥದ್ದೇ ಎಂದು ಬೆರಳಿಟ್ಟು ತೋರಿಸುವಷ್ಟು ನಿಖರವಾಗಿತ್ತು. ಬರೀ ದುಡ್ಡಿಲ್ಲ ಎನ್ನುವುದರಲ್ಲಿ ಆ ನಿಖರತೆ ಇರುವುದಿಲ್ಲ.

ಕೊರತೆಯ ಹೊಗಳಿಕೆಗಿಂತ ಅಪಾಯಕಾರಿ ನಂಬಿಕೆ ಸೆನ್ಸಾರ್ ಕುರಿತಾದದ್ದು: ಇರಾನಿನಲ್ಲಿ ಕಟ್ಟುಪಾಡು ಇದ್ದದ್ದರಿಂದಲೇ ಅಲ್ಲಿನವರು ಮಕ್ಕಳ ಕಥೆಗಳನ್ನು ಹಿಡಿದು ಜಗತ್ತನ್ನು ಗೆದ್ದರಂತೆ. ಕಾಲಕ್ರಮವೇ ಇದನ್ನು ಒಪ್ಪುವುದಿಲ್ಲ. ಅಬ್ಬಾಸ್ ಕಿಯಾರೊಸ್ತಮಿ ಓಣಿಯ ನಾಯಿಗೆ ಹೆದರಿ ನಿಂತ ಹುಡುಗನೊಬ್ಬನ ಕಿರುಚಿತ್ರ ಮಾಡಿದ್ದು 1970ರಲ್ಲಿ, ಇಸ್ಲಾಮಿಕ್ ಕ್ರಾಂತಿಗೆ ಒಂಬತ್ತು ವರ್ಷ ಮೊದಲು. ಮಾಡಿದ್ದು ‘ಕಾನೂನ್’ ಎಂದು ಹೆಸರಾದ ಮಕ್ಕಳ ಸಂಸ್ಥೆಯಲ್ಲಿ, ಸರ್ಕಾರದ ದುಡ್ಡಿನಲ್ಲಿ. ಆ ಶೈಲಿಗೆ ನೀರೆರೆದದ್ದು ಒಂದು ಪೋಷಕ ಸಂಸ್ಥೆ. ಆಮೇಲೆ ಬಂದ ನಿಯಮಗಳು ಏನು ಮಾಡಿದವು? ತೆರೆಯ ಮೇಲೆ ಹೆಂಗಸು ತನ್ನ ಮನೆಯೊಳಗೆ ಗಂಡನ ಮುಂದೆಯೂ ತಲೆವಸ್ತ್ರ ತೊಟ್ಟಿರಬೇಕಾಯಿತು. ಯಾವ ಮನೆಯಲ್ಲೂ ಇರದ ಸುಳ್ಳು ಎಲ್ಲ ಮನೆಗಳ ಚಿತ್ರಕ್ಕೂ ಕಡ್ಡಾಯವಾಯಿತು. ನಿರ್ದೇಶಕರಾದ ಅಮೀರ್ ನಾದೆರಿ, ಬಹ್ರಾಮ್ ಬೈಝಾಯಿ ದೇಶ ಬಿಟ್ಟರು, 2024ರಲ್ಲಿ ಮೊಹಮ್ಮದ್ ರಸೂಲೋಫ್ ಜೈಲುಶಿಕ್ಷೆ ತಪ್ಪಿಸಿಕೊಂಡು ಗಡಿ ದಾಟಿದರು. ಜಾಫರ್ ಪನಾಹಿ ಅವರ ಉದಾಹರಣೆ ಕೊಟ್ಟು ವಾದಿಸುವವರಿದ್ದಾರೆ: 2010ರಲ್ಲಿ ಅವರಿಗೆ 20 ವರ್ಷ ಸಿನಿಮಾ ಮಾಡಕೂಡದೆಂಬ ಆಜ್ಞೆಯಾಯಿತು, ಮರುವರ್ಷವೇ ತಮ್ಮ ಫ್ಲಾಟಿನಲ್ಲಿ ಕೂತು ‘ದಿಸ್ ಈಸ್ ನಾಟ್ ಎ ಫಿಲ್ಮ್’ ಮಾಡಿದರಲ್ಲ? ಮಾಡಿದರು. ಆ ಚಿತ್ರದಲ್ಲೇ ಅವರು ಚಿತ್ರೀಕರಿಸಲಾಗದ ತಮ್ಮ ಚಿತ್ರಕಥೆಯನ್ನು ಜಮಖಾನೆಯ ಮೇಲೆ ಟೇಪ್ ಅಂಟಿಸಿ ಗೋಡೆ, ಬಾಗಿಲು ಎಂದು ವಿವರಿಸುತ್ತಾರೆ. ನಡುವೆ ನಿಲ್ಲಿಸಿಬಿಡುತ್ತಾರೆ, ಬಾಯಲ್ಲಿ ಹೇಳಿ ಮುಗಿಯುವುದಾದರೆ ಸಿನಿಮಾ ಮಾಡುವುದೇಕೆ ಎಂಬ ಅರ್ಥದಲ್ಲಿ ಕೇಳುತ್ತಾರೆ. ನಿಷೇಧದ ಲಾಭವನ್ನು ಹೊಗಳುವವರು ಈ ದೃಶ್ಯವನ್ನು ಮರೆತಂತೆ ಕಾಣುತ್ತದೆ. ಪ್ರತಿಭೆ ಬೇಲಿ ಹಾರಿತೆಂಬ ಕಾರಣಕ್ಕೆ ಬೇಲಿ ಹಾಕಿದವನಿಗೆ ಹಾರ ಹಾಕಲಾಗದು.

ಹಾಗಾದರೆ ಪೂರ್ಣ ಸ್ವಾತಂತ್ರ್ಯವೇ ಒಳ್ಳೆಯದೇ? ಇದೂ ಅಷ್ಟೇ ಜನಪ್ರಿಯ ತಪ್ಪು. 2003ರ ‘ದಿ ಫೈವ್ ಅಬ್‌ಸ್ಟ್ರಕ್ಷನ್ಸ್’ನಲ್ಲಿ ಡೆನ್ಮಾರ್ಕಿನ ಲಾರ್ಸ್ ವಾನ್ ಟ್ರಿಯರ್ ತಮ್ಮ ಹಿರಿಯ ಯೋರ್ಗೆನ್ ಲೆತ್ ಅವರಿಗೆ ಅವರದೇ ಹಳೆಯ ಕಿರುಚಿತ್ರವನ್ನು ಐದು ಸಲ ಹೊಸ ಷರತ್ತುಗಳಲ್ಲಿ ಮತ್ತೆ ಮಾಡಿಸುತ್ತಾರೆ. ಮೊದಲ ಷರತ್ತು, ಯಾವ ಶಾಟ್ ಕೂಡ 12 ಫ್ರೇಮ್ ದಾಟಕೂಡದು, ಅಂದರೆ ಅರ್ಧ ಸೆಕೆಂಡ್. ಲೆತ್ ಕ್ಯೂಬಾಕ್ಕೆ ಹೋಗಿ ಲವಲವಿಕೆಯ ಚಿತ್ರ ಮಾಡಿಕೊಂಡು ಬಂದರು. ಎರಡನೆಯ ಸಲ, ಮುಂಬೈಯಲ್ಲಿ, ಷರತ್ತು ಮುರಿದದ್ದಕ್ಕೆ ಟ್ರಿಯರ್ ಕೊಟ್ಟ ಶಿಕ್ಷೆ ಕುತೂಹಲದ್ದು: ಮುಂದಿನದನ್ನು ನಿನಗೆ ಬೇಕಾದ ಹಾಗೆ ಮಾಡು. ತಾನೇ ಹಾಕಿಕೊಂಡ ಕಟ್ಟಿಗೆ ನಮ್ಮಲ್ಲೇ ಉದಾಹರಣೆ ಬೇಕೆಂದರೆ 1987ರ ‘ಪುಷ್ಪಕ ವಿಮಾನ’ ಇದೆ. ಅದನ್ನು ಮೂಕಿಚಿತ್ರ ಎನ್ನುವುದು ತಪ್ಪು. ಸಿಂಗೀತಂ ಶ್ರೀನಿವಾಸ ರಾವ್ ಬಿಟ್ಟದ್ದು ಮಾತನ್ನಷ್ಟೇ. ಸದ್ದು ಅಲ್ಲಿ ಕಥೆಯನ್ನೇ ಹೊತ್ತಿದೆ. ಥಿಯೇಟರ್ ಪಕ್ಕದ ಗದ್ದಲದ ಲಾಡ್ಜಿಗೆ ಒಗ್ಗಿದ ಕಮಲ್ ಹಾಸನ್‌ಗೆ ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಹತ್ತುವುದಿಲ್ಲ. ಹಳೆಯ ಗದ್ದಲವನ್ನು ಟೇಪ್ ಮಾಡಿಕೊಂಡು ಬಂದು ಹಾಕಿಕೊಂಡು ಮಲಗುತ್ತಾನೆ. ಮಾತು ಇದ್ದಿದ್ದರೆ ಈ ಬಡತನ ಒಂದು ಸಂಭಾಷಣೆಯಲ್ಲಿ ಮುಗಿದುಹೋಗುತ್ತಿತ್ತು.

ತಾನೇ ಆರಿಸಿಕೊಂಡ ನಿಯಮವಾದರೆ ಸಾಕು, ಗೆದ್ದಂತೆಯೇ ಎಂದೂ ತೀರ್ಮಾನಿಸಬೇಕಿಲ್ಲ. ಆಲ್‌ಫ್ರೆಡ್ ಹಿಚ್‌ಕಾಕ್ 1948ರ ‘ರೋಪ್’ ಚಿತ್ರವನ್ನು ಕತ್ತರಿ ಆದಷ್ಟೂ ಕಾಣದಂತೆ, ಹತ್ತು ನಿಮಿಷದವರೆಗಿನ ಉದ್ದದ ಶಾಟ್‌ಗಳಲ್ಲಿ ತೆಗೆದರು. ಒಂದು ರೀಲಿನಲ್ಲಿ ಹಿಡಿಸುವುದೇ ಅಷ್ಟು. ಮುಂದೆ ಫ್ರಾನ್ಸ್ವಾ ಟ್ರುಫೊ ಜೊತೆಗಿನ ಮಾತುಕತೆಯಲ್ಲಿ ಅದನ್ನು ಅರ್ಥವಿಲ್ಲದ ಸಾಹಸವೆಂದು ಅವರೇ ತಳ್ಳಿಹಾಕಿದರು. ಕಾರಣವೂ ಸರಿಯಾಗಿದೆ: ಅವರ ಬಲವಿದ್ದದ್ದು ಸಂಕಲನದಲ್ಲಿ, ನಿಯಮ ಕಿತ್ತುಕೊಂಡದ್ದು ಅದನ್ನೇ. 1954ರ ‘ರಿಯರ್ ವಿಂಡೋ’ದಲ್ಲಿ ಅವರು ಇನ್ನೊಂದು ಬಗೆಯ ಕಟ್ಟು ಹಾಕಿಕೊಂಡರು. ನಾಯಕನ ಕಾಲಿಗೆ ಪ್ಲಾಸ್ಟರ್, ಕ್ಯಾಮೆರಾ ಬಹುಮಟ್ಟಿಗೆ ಅವನ ಕೋಣೆಯಲ್ಲೇ, ಜಗತ್ತೆಂದರೆ ಕಿಟಕಿಯಾಚೆ ಕಾಣುವ ಹಿತ್ತಿಲಷ್ಟೇ. ಆದರೆ ಅವನು ನೋಡುತ್ತಾನೆ, ಅವನಿಗೆ ಏನು ಕಂಡಿತು ಎಂಬುದು ಬರುತ್ತದೆ, ಮತ್ತೆ ಅವನ ಮುಖ ಬರುತ್ತದೆ. ಕತ್ತರಿ ಈ ಸಲ ಹಿಚ್‌ಕಾಕ್ ಕೈಯಲ್ಲೇ ಇತ್ತು.