ನೀರಿಗಿಂತ ತಗ್ಗಿನ ಗದ್ದೆ ಪಕ್ಕ ಒಂದು ರಾತ್ರಿ

ಕೇರಳದ ದೋಣಿಮನೆ ಅಂದ್ರೆ ಹೊಸದಾಗಿ ಮದುವೆಯಾದೋರಿಗೆ, ದುಡ್ಡಿದ್ದೋರಿಗೆ ಅಂತ ನಾನೂ ತಿಳಿದಿದ್ದೆ. ಹೋದ ವರ್ಷ ಶೇಂಗಾ ಕಿತ್ತು ಮಾರಿದ ಮೇಲೆ, ನವೆಂಬರ್ ಕೊನೆಯಲ್ಲಿ, ನಾವು ನಾಲ್ಕು ಜನ ಆಲಪ್ಪುಳಕ್ಕೆ ಹೋಗಿ ಒಂದು ರಾತ್ರಿ ನೀರಿನ ಮೇಲೆ ಮಲಗಿ ಬಂದೆವು. ನಾನು, ನಮ್ಮ ಮನೆಯವರು, ಅವರ ತಮ್ಮ, ತಮ್ಮನ ಹೆಂಡತಿ. ಯಾವ ಟೂರಿನವರ ಕೈಗೂ ಹೋಗಲಿಲ್ಲ. ಹೇಗೆ ಹೋದೆವು, ಎಲ್ಲಿ ಎಡವಿದೆವು, ಅಲ್ಲಿನ ರೈತರಲ್ಲಿ ಏನು ಕಂಡೆವು ಅನ್ನೋದನ್ನ ಬರೆದಿದ್ದೇನೆ. ಹೋಗಬೇಕು ಅನ್ನೋರಿಗೆ ಉಪಯೋಗ ಆದೀತು.

ಮೊದಲೇ ಒಂದು ಮಾತು. ನಮ್ಮದು ಚಳ್ಳಕೆರೆ ಸೀಮೆ. ಒಳ್ಳೆ ವರ್ಷ ಆದ್ರೆ 500 ಮಿ.ಮೀ. ಮಳೆ. ನಮ್ಮೂರ ಕೆರೆಗೆ ನೀರು ತರೋ ಕಾಲುವೆ ಹೂಳು ತುಂಬಿ ಎಷ್ಟೋ ವರ್ಷ ಆಯ್ತು. ತೆಗೆಯೋಣ ಅಂದ್ರೆ "ಅವನು ಬಂದ್ರೆ ನಾನು ಬರ್ತೀನಿ" ಅನ್ನೋ ಜಗಳ. ಕಾಲುವೆ ಪಕ್ಕದ ಹೊಲದೋರು ಎರಡೆರಡು ಸಾಲು ಒಳಕ್ಕೇ ಬಿತ್ತಿದ್ದಾರೆ. ಅದರಲ್ಲಿ ನನ್ನ ಭಾವಮೈದನೂ ಒಬ್ಬ. ಅವನ ಒಪ್ಪಿಗೆ ಪಡೆದೇ ಇದನ್ನ ಬರೀತಿದೀನಿ.

ದೋಣಿ ಹಿಡಿದದ್ದು

ಬೆಂಗಳೂರಿಂದ ಎರ್ನಾಕುಲಂವರೆಗೆ ರಾತ್ರಿ ರೈಲು, ಅಲ್ಲಿಂದ ಬಸ್ಸು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಬ್ರೋಕರುಗಳು ಸುತ್ತಿಕೊಂಡರು. ಫೋಟೋ ತೋರಿಸಿ ಮುಂಗಡ ಕೇಳ್ತಾರೆ. ಕೊಡಬೇಡಿ. ದೋಣಿಗಳು ನಿಲ್ಲೋ ಪುನ್ನಮಡ ಕಡವಿಗೆ ನೀವೇ ಹೋಗಿ. ಬೆಳಿಗ್ಗೆ ಒಂಬತ್ತು, ಹತ್ತು ಗಂಟೆಗೆ ಹಿಂದಿನ ದಿನದ ದೋಣಿಗಳು ವಾಪಸ್ ಬಂದಿರುತ್ತವೆ. ಹತ್ತಿ, ಕೋಣೆ, ಹಾಸಿಗೆ, ಕಕ್ಕಸು, ಅಡುಗೆಮನೆ ಎಲ್ಲ ನೋಡಿ. ನಾವು ಐದು ದೋಣಿ ನೋಡಿದೆವು. ಎತ್ತು ಕೊಳ್ಳುವಾಗ ಹಲ್ಲು ನೋಡೋದಿಲ್ವೇ, ಹಾಗೆ. ಎರಡು ಕೋಣೆಯ ದೋಣಿ ಊಟ ಸೇರಿ 11 ಸಾವಿರಕ್ಕೆ ಕುದುರಿತು. ಡಿಸೆಂಬರ್ ಮಧ್ಯದಿಂದ ಜನವರಿವರೆಗೆ ಹೋದ್ರೆ ರೇಟು ಬಹಳ ಏರುತ್ತೆ. ಮಳೆಗಾಲದಲ್ಲಿ ಇಳಿಯುತ್ತೆ.

ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿದರೆ ಮರುದಿನ ಒಂಬತ್ತಕ್ಕೆ ಇಳಿಯೋದು. ರಾತ್ರಿಯೆಲ್ಲ ದೋಣಿ ಓಡುತ್ತೆ ಅಂತ ನಾವು ತಿಳಿದಿದ್ದೆವು. ಹಾಗಿಲ್ಲ. ಸಂಜೆ ಐದೂವರೆ, ಆರಕ್ಕೆ ದಡಕ್ಕೆ ಕಟ್ಟುತ್ತಾರೆ. ಕತ್ತಲಾದ ಮೇಲೆ ಮೀನುಗಾರರು ಬಲೆ ಬಿಡ್ತಾರೆ.

ನಾವು ಮಾಡಿದ ತಪ್ಪು: ಮಾತನ್ನ ಚೀಟಿಯಲ್ಲಿ ಬರೆಸಿಕೊಳ್ಳಲಿಲ್ಲ. ಎ.ಸಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಅಂತ ಆಮೇಲೆ ಗೊತ್ತಾಯ್ತು. ಮಧ್ಯಾಹ್ನ ಹಾಕಿಸಿದ್ದಕ್ಕೆ 500 ರೂಪಾಯಿ ಜಾಸ್ತಿ ತಗೊಂಡರು. ಕೇಳಬೇಕಾದ್ದು ಇಷ್ಟು: ಊಟ ಎಷ್ಟು ಸಲ, ಸಸ್ಯಾಹಾರ ಮಾಡ್ತಾರೋ, ರಾತ್ರಿ ಎಲ್ಲಿ ಕಟ್ಟುತ್ತಾರೆ, ಲೈಸೆನ್ಸ್ ಇದೆಯೋ, ಕಕ್ಕಸಿನ ನೀರು ಟ್ಯಾಂಕಿಗೆ ಹೋಗುತ್ತೋ ಹೊಳೆಗೆ ಬೀಳುತ್ತೋ. ಆ ನೀರಿನಲ್ಲೇ ದಡದ ಹೆಂಗಸರು ಪಾತ್ರೆ ತೊಳೀತಾರೆ, ಮಕ್ಕಳು ಸ್ನಾನ ಮಾಡ್ತಾವೆ.

ಲೈಫ್ ಜಾಕೆಟ್ ಎಣಿಸಿ ನೋಡಿ. ನಮ್ಮ ನಾಲ್ವರಲ್ಲಿ ಒಬ್ಬರಿಗೂ ಈಜು ಬರೋದಿಲ್ಲ. 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ ಅಳತೆ ಮೀರಿ ಜನ ತುಂಬಿದ ದೋಣಿ ಮುಳುಗಿ 22 ಜನ ಹೋದರು, ಬಹಳಷ್ಟು ಮಕ್ಕಳು. ಭಾವಮೈದ ನಕ್ಕ. ನಾನು ಮಾತ್ರ ಸಣ್ಣ ದೋಣಿಗೆ ಇಳಿದಾಗಲೆಲ್ಲ ಹಾಕಿಕೊಂಡೆ.

ಇಷ್ಟು ಖರ್ಚು ಬೇಡ ಅನ್ನೋರಿಗೆ ಸರ್ಕಾರಿ ದೋಣಿ ಇದೆ. ಆಲಪ್ಪುಳದಿಂದ ಕೊಟ್ಟಯಂಗೆ ಸುಮಾರು ಎರಡೂವರೆ ಗಂಟೆ, ಬಸ್ ಚಾರ್ಜಿನಷ್ಟೇ ದುಡ್ಡು. ನಾವು ಕಂಡದ್ದರಲ್ಲಿ ಮುಕ್ಕಾಲು ಪಾಲು ಅದರಲ್ಲೂ ಕಾಣುತ್ತೆ.

ಮೊಳೆ ಇಲ್ಲದ ದೋಣಿ

ಇದರ ಹೆಸರು ಕೆಟ್ಟುವಳ್ಳಂ. ಕೆಟ್ಟು ಅಂದ್ರೆ ಕಟ್ಟು, ವಳ್ಳಂ ಅಂದ್ರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದಿಗೆ ನಾರು ತುಂಬಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳೀತಾರೆ. ಮೊಳೆ ಹೊಡೆಯೋದಿಲ್ಲ. ಮೊದಲು ಇವು ಭತ್ತ, ತೆಂಗು ಸಾಗಿಸೋ ದೋಣಿಗಳು. ರಸ್ತೆ ಆಗಿ ಲಾರಿ ಬಂದ ಮೇಲೆ ಕೆಲಸ ತಪ್ಪಿತು. 1990ರ ದಶಕದಲ್ಲಿ ಮೇಲೆ ಬಿದಿರು, ಚಾಪೆಯ ಮನೆ ಕಟ್ಟಿ ಪ್ರವಾಸಿಗಳಿಗೆ ಬಿಟ್ಟರು.

ಗದ್ದೆ ಕೆಳಗೆ, ನೀರು ಮೇಲೆ

ಮಧ್ಯಾಹ್ನ ಕೆಂಪು ಕುಚ್ಚಲಕ್ಕಿ ಅನ್ನ ಉಂಡು ಕೂತಿದ್ದೆವು. ನಮ್ಮ ಮನೆಯವರು "ಇಲ್ಲಿ ನೋಡ್ರೀ, ಪೈರು ನಮಗಿಂತ ಕೆಳಗೈತೆ" ಅಂದರು. ಹೌದು. ದೋಣಿ ಮೇಲೆ ತೇಲ್ತಾ ಇದೆ, ದಡದ ಏರಿಯಾಚೆ ಗದ್ದೆ ತಗ್ಗಿನಲ್ಲಿದೆ.

ಈ ಸೀಮೆ ಕುಟ್ಟನಾಡು. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ನದಿಗಳು ಬಂದು ವೇಂಬನಾಡು ಕಾಯಲಿಗೆ ಸೇರೋ ಜಾಗ. ಬಹಳಷ್ಟು ಗದ್ದೆ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ತಗ್ಗು. ಕೆಸರು ಮಣ್ಣಿನ ಏರಿ ಹಾಕಿ, ಒಳಗಿನ ನೀರನ್ನ ಹೊರಕ್ಕೆ ಎತ್ತಿ, ಅಕ್ಟೋಬರ್-ನವೆಂಬರಿನಲ್ಲಿ ಬಿತ್ತಿ, ಫೆಬ್ರವರಿ-ಮಾರ್ಚಿನ ಹೊತ್ತಿಗೆ ಕೊಯ್ತಾರೆ. ಇದಕ್ಕೆ ಪುಂಜ ಬೆಳೆ ಅಂತಾರೆ. ಮಂಕೊಂಬಿನ ಭತ್ತ ಸಂಶೋಧನಾ ಕೇಂದ್ರದ ಉಮಾ ತಳಿ ಹೆಚ್ಚು. ಮಣ್ಣು ಹುಳಿ, ಸುಣ್ಣ ಹಾಕದೆ ಆಗೋದಿಲ್ಲ. ಕೊಯ್ದ ಗದ್ದೆಗೆ ಬಾತುಕೋಳಿ ಮಂದೆ ಬಿಡ್ತಾರೆ, ನಾವು ಕುರಿಮಂದೆ ನಿಲ್ಲಿಸಿದ ಹಾಗೆ. ಈ ಬೇಸಾಯವನ್ನ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿನ ಕೃಷಿ ಪರಂಪರೆ ಪಟ್ಟಿಗೆ ಸೇರಿಸಿತು.

ಸಮುದ್ರದ ಉಪ್ಪುನೀರು ಬರದ ಹಾಗೆ ತಣ್ಣೀರ್‌ಮುಕ್ಕಂನಲ್ಲಿ 1970ರ ದಶಕದಲ್ಲಿ ಬಾಗಿಲಿನ ಒಡ್ಡು ಕಟ್ಟಿದರು. ಬೇಸಿಗೆಯಲ್ಲಿ ಮುಚ್ಚಿದಾಗ ಭತ್ತಕ್ಕೆ ಒಳ್ಳೇದು. ಆದ್ರೆ ನಿಂತ ನೀರಲ್ಲಿ ಕೊಳೆ, ಅಂತರಗಂಗೆ ಹೆಚ್ಚುತ್ತೆ, ಮೀನಿಗೂ ತೊಂದರೆ. ನೋಡಿದ ಕಡೆಯೆಲ್ಲ ನೀರು, ಕುಡಿಯೋಕೆ ಮಾತ್ರ ಕೊರತೆ. ಒಬ್ಬ ಹೆಂಗಸು ಸಣ್ಣ ದೋಣಿಯಲ್ಲಿ ಬಿಂದಿಗೆ ಇಟ್ಟುಕೊಂಡು ಹೋಗ್ತಿದ್ದದ್ದನ್ನ ನಮ್ಮ ಮನೆಯವರು ಬಹಳ ಹೊತ್ತು ನೋಡ್ತಾ ಇದ್ದರು.

ರಾತ್ರಿಯ ಸದ್ದು

ಒಂದು ಏರಿ ಪಕ್ಕ ದೋಣಿ ಕಟ್ಟಿದರು. ರಾತ್ರಿಯೆಲ್ಲ ಮೋಟಾರಿನ ಸದ್ದು. ನನಗೆ ನಿದ್ದೆ ಬರಲಿಲ್ಲ. ನಮ್ಮಲ್ಲಿ ಆ ಸದ್ದು ನಿಂತರೆ ಎದೆ ಒಡೆಯುತ್ತೆ, ಬೋರ್ ಬತ್ತಿತೇನೋ ಅಂತ. ಇಲ್ಲೂ ನಿಂತರೆ ಗಾಬರಿಯೇ, ಪೈರು ಮುಳುಗೀತು ಅಂತ.

ಬೆಳಿಗ್ಗೆ ಇಳಿದು ಹೋಗಿ ನೋಡಿದೆವು. ಅದು ಪೆಟ್ಟಿ-ಪರ. ಪರ ಅನ್ನೋ ಮರದ ಪೀಪಾಯಿ ನೆಟ್ಟಗೆ ನಿಂತಿರುತ್ತೆ, ಒಳಗೆ ತಿರುಗೋ ರೆಕ್ಕೆ ನೀರನ್ನ ಮೇಲೆತ್ತುತ್ತೆ, ಪೆಟ್ಟಿಗೆಯಂಥ ದೋಣಿಯಿಂದ ನೀರು ಏರಿಯಾಚೆ ಬೀಳುತ್ತೆ. ಎತ್ತೋದು ಕಡಿಮೆ ಎತ್ತರ, ನೀರು ಮಾತ್ರ ರಾಶಿ. ಮೋಟಾರು ಬರೋ ಮೊದಲು ಚಕ್ರ ತುಳಿದು ಎತ್ತುತ್ತಿದ್ದರಂತೆ.

ಅಲ್ಲೊಬ್ಬ ರೈತರು ಸಿಕ್ಕರು. ನಮ್ಮ ದೋಣಿಯ ಅಡುಗೆಯವ ಆರು ವರ್ಷ ಬೆಂಗಳೂರಿನ ಹೋಟೆಲಲ್ಲಿ ಇದ್ದವ, ಕನ್ನಡ ಬರ್ತಿತ್ತು. ಅವನೇ ಮಾತು ದಾಟಿಸಿದ. ಒಂದು ಏರಿ ಒಳಗಿನ ಗದ್ದೆಗಳಿಗೆಲ್ಲ ಸೇರಿ ಪಾಡಶೇಖರ ಅಂತ ಹೆಸರು. ಒಳಗೆ ಎಷ್ಟೋ ಜನರ ಹಿಡುವಳಿ. ಒಬ್ಬ ತನ್ನ ಗದ್ದೆ ನೀರು ಮಾತ್ರ ಎತ್ತೋಕೆ ಆಗೋದಿಲ್ಲ. ಎಲ್ಲರೂ ಒಟ್ಟಿಗೆ ಎತ್ತಬೇಕು, ಒಟ್ಟಿಗೆ ಬಿತ್ತಬೇಕು, ಎಕರೆ ಲೆಕ್ಕದಲ್ಲಿ ಖರ್ಚು ಹಾಕಬೇಕು. ಏರಿ ಎಲ್ಲಿ ಒಡೆದರೂ ಎಲ್ಲರ ಪೈರೂ ಹೋಯ್ತು. 2018ರ ಆಗಸ್ಟ್ ಪ್ರವಾಹದಲ್ಲಿ ಕುಟ್ಟನಾಡಿನ ಜನ ಮನೆ ಬಿಟ್ಟೇ ಹೋಗಬೇಕಾಯ್ತು.

"ಯಾರಾದ್ರೂ ದುಡ್ಡು ಕೊಡದಿದ್ರೆ, ಏರಿ ಕೆಲಸಕ್ಕೆ ಬರದಿದ್ರೆ?" ಅಂತ ಭಾವಮೈದ ಕೇಳಿದ. ಅವರು ಸ್ವಲ್ಪ ಹೊತ್ತು ಅವನನ್ನೇ ನೋಡಿದರು. "ಜಗಳ ನಮ್ಮಲ್ಲೂ ಇದೆ. ಆದ್ರೆ ಏರಿ ಒಡೆದ ರಾತ್ರಿ ಜಗಳ ಆಡಿದವನೂ ಮಣ್ಣು ಹೊರ್ತಾನೆ. ಅವನ ಗದ್ದೆಯೂ ಒಳಗೇ ಇದೆಯಲ್ಲ" ಅಂದರು.

ವಾಪಸ್ ಬರುವಾಗ ರೈಲಿನಲ್ಲಿ ಭಾವಮೈದ ಹೆಚ್ಚು ಮಾತಾಡಲಿಲ್ಲ. ಊರಿಗೆ ಬಂದ ಹದಿನೈದು ದಿನಕ್ಕೆ ಕಾಲುವೆ ಒಳಗಿನ ತನ್ನ ಎರಡು ಸಾಲನ್ನ ತಾನೇ ಬಿಟ್ಟ. ಅದನ್ನ ನೋಡಿ ಇನ್ನಿಬ್ಬರು ಬಿಟ್ಟರು. ಬೇಸಿಗೆಯಲ್ಲಿ ಎಕರೆಗೆ ಇಷ್ಟು ಅಂತ ದುಡ್ಡು ಹಾಕಿ ಮೇಲಿನ ಅರ್ಧ ಕಾಲುವೆಯ ಹೂಳು ತೆಗೆಸಿದೆವು. ಕೆಳಗಿನ ಅರ್ಧ ಹಾಗೇ ಇದೆ, ಅಲ್ಲಿ ಇನ್ನೂ ನಾಲ್ಕು ಜನ ಒಪ್ಪಿಲ್ಲ. ಈ ಸಲ ದೊಡ್ಡ ಮಳೆ ಬಂದ್ರೆ ನೀರು ಎಲ್ಲಿಯವರೆಗೆ ಬಂದು ನಿಲ್ಲುತ್ತೆ ಅಂತ ಅವರನ್ನೇ ಕರೆದುಕೊಂಡು ಹೋಗಿ ತೋರಿಸಬೇಕು ಅಂತಿದ್ದೇವೆ.