ನಿಮಗಿದು ಗೊತ್ತೇ? ಪಿತ್ತಕೋಶದ ಕಲ್ಲು ದಾರಿ ತಪ್ಪಿದಾಗ

● ಪಿತ್ತಕೋಶದಲ್ಲಿ ಕಲ್ಲಿರುವ ಬಹುಪಾಲು ಜನರಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ.

● ಕಲ್ಲು ಪಿತ್ತನಾಳಕ್ಕೆ ಇಳಿಯದೆಯೂ ಕಾಮಾಲೆ ಬರಬಹುದು! ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕಿಕೊಂಡ ಕಲ್ಲು ಪಕ್ಕದ ಮುಖ್ಯ ನಾಳವನ್ನು ಹೊರಗಿನಿಂದಲೇ ಅದುಮುತ್ತದೆ. ಇದೇ ಮಿರಿಜ್ಜಿ ಸಿಂಡ್ರೋಮ್. 1948ರಲ್ಲಿ ಇದನ್ನು ವಿವರಿಸಿದವರು ಅರ್ಜೆಂಟೀನಾದ ಸರ್ಜನ್ ಪಾಬ್ಲೊ ಮಿರಿಜ್ಜಿ. ಆಪರೇಷನ್ ನಡೆಯುವಾಗಲೇ ಪಿತ್ತನಾಳದ ಎಕ್ಸ್‌ರೇ ತೆಗೆಯುವ ಕ್ರಮವನ್ನು 1931ರಲ್ಲಿ ತಂದವರೂ ಅವರೇ.

● ಒತ್ತಡ ಮುಂದುವರಿದರೆ ನಾಳದ ಗೋಡೆ ಸವೆದು ತೂತಾಗುತ್ತದೆ. ಚಿಲಿಯ ಸರ್ಜನ್ ಆಟಿಲಾ ಸೆಂಡೆಸ್ 1989ರಲ್ಲಿ ಈ ಸಿಂಡ್ರೋಮನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದಲ್ಲಿ ಬರೀ ಒತ್ತಡ. ನಾಲ್ಕನೆಯದರಲ್ಲಿ ನಾಳದ ಗೋಡೆ ಸುತ್ತಲೂ ಹಾಳಾಗಿರುತ್ತದೆ.

● ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಕಂಡರೂ ನಾಳಕ್ಕೆ ಆದ ಹಾನಿ ಗೊತ್ತಾಗದೇ ಹೋಗಬಹುದು. ಎಂಆರ್‌ಸಿಪಿ ಸ್ಕ್ಯಾನ್ ನಾಳಗಳ ನಕ್ಷೆಯನ್ನೇ ಕೊಡುತ್ತದೆ. ಎಂಡೋಸ್ಕೋಪ್ ಮೂಲಕ ಮಾಡುವ ಇಆರ್‌ಸಿಪಿಯಲ್ಲಿ ತೂತನ್ನು ನೋಡಿ, ಸ್ಟೆಂಟ್ ಹಾಕಿ ಕಾಮಾಲೆಯನ್ನೂ ಇಳಿಸಬಹುದು. ಪಿತ್ತಕೋಶದ ಕ್ಯಾನ್ಸರ್ ಕೂಡ ಹೀಗೇ ಕಾಣಬಹುದು. ಅದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಬಹಳ ಮುಖ್ಯ.

● ಅಪಾಯವೆಲ್ಲ ಆಪರೇಷನ್ ಟೇಬಲ್ ಮೇಲೆ. ಹಳೆಯ ಉರಿಯೂತದಿಂದ ಎಲ್ಲ ಅಂಟಿಕೊಂಡಿರುವಲ್ಲಿ ಮುಖ್ಯ ನಾಳವೇ ಪಿತ್ತಕೋಶದ ನಾಳದಂತೆ ಕಂಡು ಕತ್ತರಿಗೆ ಸಿಕ್ಕಿಬಿಡಬಹುದು. ಹಾಗಾಗಿ ಅನುಭವಿ ಸರ್ಜನ್ ಪಿತ್ತಕೋಶವನ್ನು ಪೂರ್ತಿ ಕೀಳಲು ಹಟ ಹಿಡಿಯುವುದಿಲ್ಲ. ಅದನ್ನು ತೆರೆದು ಕಲ್ಲು ತೆಗೆದು, ನಾಳಕ್ಕೆ ಅಂಟಿದ ಭಾಗವನ್ನು ಅಲ್ಲೇ ಬಿಡುತ್ತಾರೆ. ತೂತು ಚಿಕ್ಕದಿದ್ದರೆ ಆ ಭಾಗವನ್ನೇ ತೇಪೆಯಾಗಿ ಹೊಲಿಯಬಹುದು. ಗೋಡೆಯೇ ಉಳಿದಿಲ್ಲದಿದ್ದರೆ ಸಣ್ಣ ಕರುಳನ್ನು ಮೇಲೆಳೆದು ನಾಳಕ್ಕೆ ಜೋಡಿಸುತ್ತಾರೆ. ಲ್ಯಾಪರೊಸ್ಕೋಪಿಯಲ್ಲಿ ಆರಂಭಿಸಿ, ನಡುವೆ ಹೊಟ್ಟೆ ತೆರೆದರೆ ಅದನ್ನು ಸೋಲೆಂದುಕೊಳ್ಳಬೇಡಿ. ನಾಳ ಉಳಿಸಲು ತೆಗೆದುಕೊಂಡ ಸರಿಯಾದ ನಿರ್ಧಾರ ಅದು.

● ಕಲ್ಲು ಪಿತ್ತಕೋಶವನ್ನು ಕೊರೆದು ನೇರ ಕರುಳಿಗೂ ಇಳಿಯಬಹುದು. ಸಾಮಾನ್ಯವಾಗಿ 2.5 ಸೆಂ.ಮೀ. ಮೀರಿದ ಕಲ್ಲು ಸಣ್ಣ ಕರುಳಿನ ಕೊನೆಯಲ್ಲಿ ಸಿಕ್ಕಿಬೀಳುತ್ತದೆ. ಹೆಚ್ಚಾಗಿ ವಯಸ್ಸಾದವರಲ್ಲಿ ಹೀಗಾಗುತ್ತದೆ. ಕರುಳು ಕಟ್ಟಿರುವುದು, ಪಿತ್ತನಾಳದಲ್ಲಿ ಗಾಳಿ, ಇರಬಾರದ ಜಾಗದಲ್ಲಿ ಕಲ್ಲು: ರೋಗ ಪತ್ತೆಗೆ ರೇಡಿಯಾಲಜಿಸ್ಟ್ ರಿಗ್ಲರ್ 1941ರಲ್ಲಿ ಕೊಟ್ಟ ಈ ಸುಳಿವುಗಳನ್ನು ವೈದ್ಯರು ಇಂದೂ ಸ್ಕ್ಯಾನ್‌ನಲ್ಲಿ ಹುಡುಕುತ್ತಾರೆ.

● ಇಂಥವರಿಗೆ ಮೊದಲು ಕರುಳು ಸೀಳಿ ಕಲ್ಲು ತೆಗೆಯುವುದಷ್ಟೇ ಕೆಲಸ. ಹೊಲಿಗೆ ಹಾಕುವ ಮುನ್ನ ಸರ್ಜನ್ ಇಡೀ ಕರುಳನ್ನು ಬೆರಳುಗಳ ನಡುವೆ ಹಾಯಿಸಿ ನೋಡುತ್ತಾರೆ, ಇನ್ನೊಂದು ಕಲ್ಲು ಉಳಿದಿರಬಹುದಲ್ಲ!